ಬಿತ್ತುವಟ್ಟವಿಲ್ಲದ ಯಂತ್ರಗಳು

ದೋಣಿಮಲೈನಿಂದ ಹೊರಟು ಸಂಡೂರು, ಹೊಸಪೇಟೆ, ಹಂಪಿ ದಾಟಿ ಕಂಪ್ಲಿ ಮುಟ್ಟುವ ದಾರಿಯಲ್ಲಿ ಆರು ಶತಮಾನಗಳ ಕಟ್ಟುವಿಕೆ ಒಂದರ ಪಕ್ಕ ಒಂದು ಕಾಣಸಿಗುತ್ತದೆ. ವಿಜಯನಗರದ ಅರಸರ ಕಾಲುವೆಗಳಿವೆ. 1953ರಲ್ಲಿ ಮುಗಿದ ತುಂಗಭದ್ರಾ ಜಲಾಶಯವಿದೆ. 1977ರಲ್ಲಿ ಕೆಲಸ ಶುರು ಮಾಡಿದ ಎನ್‌ಎಂಡಿಸಿಯ ಕಬ್ಬಿಣದ ಅದಿರಿನ ಗಣಿಯಿದೆ. ಈ ಶತಮಾನದ ಆರಂಭದಲ್ಲಿ ತಾಲ್ಲೂಕು ಕಚೇರಿಗಳಿಗೆ ಬಂದು ಕೂತ ಪಹಣಿ ಕಂಪ್ಯೂಟರುಗಳಿವೆ. ಇವುಗಳಲ್ಲಿ ಯಾವುದು ಬಾಳಿತು, ಯಾವುದಕ್ಕೆ ಪೆಟ್ಟು ಬಿತ್ತು ಎಂದು ವಿಚಾರಿಸುತ್ತ ಹೋದರೆ, ಕಟ್ಟಿದವರ ಜಾಣ್ಮೆಗಿಂತ ಹೆಚ್ಚಿನ ಒಂದು ಸಂಗತಿ ಎದ್ದು ಕಾಣುತ್ತದೆ. ಕಟ್ಟಿ ಮುಗಿದ ಮೇಲೆ ಅದನ್ನು ನೋಡಿಕೊಳ್ಳುವ ಕೆಲಸವನ್ನು ಯಾರ ಪಾಲಿಗೆ, ಯಾವ ಆದಾಯದಿಂದ ಎಂದು ಬರೆದಿಟ್ಟಿದ್ದರೇ ಎಂಬುದು ಆ ಸಂಗತಿ. ಕಂಪ್ಯೂಟರಿನ ಆಪರೇಟಿಂಗ್ ಸಿಸ್ಟಂಗೆ ತಿಂಗಳಿಗೊಮ್ಮೆ ಬರುವ ಭದ್ರತಾ ಅಪ್‌ಡೇಟ್‌ಗಳನ್ನು ಹಾಕುವ ವಿಚಾರವನ್ನು ನಾವು ತಂತ್ರಜ್ಞರ ತಲೆನೋವೆಂದು ಬಿಟ್ಟುಬಿಟ್ಟಿದ್ದೇವೆ. ಅದು ಈ ಸೀಮೆಗೆ ತೀರ ಹಳೆಯ ಪ್ರಶ್ನೆ, ಅದಕ್ಕೆ ಇಲ್ಲಿನವರು ಒಂದು ಕಾಲದಲ್ಲಿ ಉತ್ತರವನ್ನೂ ಕಂಡುಕೊಂಡಿದ್ದರು ಎಂಬುದು ನನ್ನ ವಾದ.

ಕೆರೆ ಕಟ್ಟಿಸಿದವರ ಶಾಸನಗಳನ್ನು ಓದಿದವರಿಗೆ ‘ಬಿತ್ತುವಟ್ಟ’, ‘ಕಟ್ಟುಕೊಡಗೆ’, ‘ದಶವಂದ’ ಎಂಬ ಮಾತುಗಳು ಪರಿಚಿತ. ಕೆರೆಯನ್ನು ಕಟ್ಟಿಸಿ, ಪುಣ್ಯ ಬರಲೆಂದು ಕಲ್ಲು ನಿಲ್ಲಿಸಿ ಸುಮ್ಮನಾಗುವುದು ವಾಡಿಕೆಯಾಗಿರಲಿಲ್ಲ. ಆ ಕೆರೆಯ ಕೆಳಗಿನ ಇಷ್ಟು ಗದ್ದೆ, ಇಷ್ಟು ಫಸಲಿನ ಪಾಲು ಆ ಕೆರೆಯ ರಿಪೇರಿಗೇ ಮೀಸಲು ಎಂದು ಅದೇ ಕಲ್ಲಿನಲ್ಲಿ ಕೆತ್ತಿಸುತ್ತಿದ್ದರು. ಹೂಳೆತ್ತಲು, ಏರಿಗೆ ಮಣ್ಣು ಹೇರಲು ಒಂದು ಬಂಡಿ, ಅದರ ಎತ್ತುಗಳು, ಬಂಡಿ ಹೊಡೆಯುವವನ ಜೀವನ ಇವಕ್ಕೆಲ್ಲ ದತ್ತಿ ಬಿಟ್ಟ ಶಾಸನಗಳಿವೆ. ವಿಜಯನಗರದ ಬುಕ್ಕರಾಯನ ಮಗ ಭಾಸ್ಕರ ಭವದೂರ 1369ರಲ್ಲಿ ಇಂದಿನ ಕಡಪ ಜಿಲ್ಲೆಯ ಪೋರುಮಾಮಿಳ್ಳದಲ್ಲಿ ಹಾಕಿಸಿದ ಶಾಸನವಂತೂ ಕೆರೆಯ ಶಾಸ್ತ್ರವನ್ನೇ ಹೇಳುತ್ತದೆ: ಒಳ್ಳೆಯ ಕೆರೆಗೆ ಬೇಕಾದ ಅಂಗಗಳು 12, ಕೆರೆಗೆ ತಗಲುವ ದೋಷಗಳು 6. ಏರಿಯಿಂದ ನೀರು ಜಿನುಗುವುದೂ ಆ ದೋಷಗಳಲ್ಲೊಂದು. ಸಾವಿರ ಆಳು, ನೂರು ಬಂಡಿ, ಎರಡು ವರ್ಷ ದುಡಿದು ಕಟ್ಟಿದ ಕೆರೆಯ ಬಗ್ಗೆ ಬರೆಯುವಾಗಲೂ ಕಟ್ಟಿದವನಿಗೆ ಜಿನುಗಿನ ನೆನಪಿತ್ತು. ಏರಿ ಒಂದೇ ದಿನ ಒಡೆಯುವುದಿಲ್ಲ. ಮೊದಲು ಯಾರ ಕಣ್ಣಿಗೂ ಬೀಳದಂತೆ ಜಿನುಗುತ್ತದೆ. ಆ ಜಿನುಗನ್ನು ಕಾಣುವ ಕಣ್ಣಿಗೆ, ಮುಚ್ಚುವ ಕೈಗೆ ಅನ್ನದ ದಾರಿ ಮಾಡಿಡುವುದೇ ಬಿತ್ತುವಟ್ಟದ ಅರ್ಥ.

ಇದು ಬರಿಯ ಆದರ್ಶವಾಗಿರಲಿಲ್ಲ ಎಂಬುದಕ್ಕೆ ಹಂಪಿಯೇ ಸಾಕ್ಷಿ. 1443ರಲ್ಲಿ ಇಲ್ಲಿಗೆ ಬಂದ ಪರ್ಷಿಯಾದ ರಾಯಭಾರಿ ಅಬ್ದುರ್ ರಜಾಕ್ ಏಳು ಸುತ್ತಿನ ಕೋಟೆಯನ್ನು ಕಂಡು ಬೆರಗಾಗಿ ಬರೆದಿಟ್ಟಿದ್ದಾನೆ. 1565ರ ಯುದ್ಧದ ನಂತರ ಆ ಕೋಟೆಯನ್ನು ಕಾಯುವವರೇ ಇಲ್ಲವಾದರು. ಅರಮನೆಗಳ ಅಡಿಪಾಯ ಮಾತ್ರ ಉಳಿಯಿತು. ಅದೇ ಅರಸರು ಕಟ್ಟಿಸಿದ ತುರ್ತು ಕಾಲುವೆ ಮಾತ್ರ ಹಾಳು ನಗರದ ನಡುವೆಯೇ ಇಂದಿಗೂ ಹರಿಯುತ್ತದೆ, ಬಾಳೆ ತೋಟಗಳಿಗೆ ನೀರುಣಿಸುತ್ತದೆ. ಕೃಷ್ಣದೇವರಾಯನ ಕಾಲದಲ್ಲಿ, 1521ರಲ್ಲಿ ಆದ ಬಸವಣ್ಣ ಕಾಲುವೆ ಹೊಸಪೇಟೆಯ ಸುತ್ತ ಇನ್ನೂ ಬಳಕೆಯಲ್ಲಿದೆ. ಕೋಟೆಗೂ ಕಾಲುವೆಗೂ ಬಳಸಿದ್ದು ಅದೇ ಕಣಶಿಲೆ. ಕಾಲುವೆಗೆ ಪ್ರತಿ ವರ್ಷ ಹೂಳೆತ್ತುವ ರೈತನಿದ್ದ, ತೂಬು ನೋಡುವ ನೀರಗಂಟಿಯಿದ್ದ; ಕೋಟೆಗೆ ಆಮೇಲೆ ಯಾರೂ ಇರಲಿಲ್ಲ.

ಹಳೆಯದನ್ನು ಹೊಗಳಿದ ಕೂಡಲೇ ಒಂದು ಆಕ್ಷೇಪ ಏಳುತ್ತದೆ, ಏಳಲೇಬೇಕು. ನೀರಗಂಟಿಗಳು ಹೆಚ್ಚಿನ ಊರುಗಳಲ್ಲಿ ದಲಿತರು. ಅವರ ಕೆಲಸ ಹುಟ್ಟಿನಿಂದ ಬಂದದ್ದು, ಬಿಡುವ ಸ್ವಾತಂತ್ರ್ಯವಿಲ್ಲದ್ದು. ಬಳ್ಳಾರಿ 1800ರಲ್ಲಿ ನಿಜಾಮನ ಕೈಯಿಂದ ಕಂಪನಿ ಸರ್ಕಾರಕ್ಕೆ ಸೇರಿ, ಮದ್ರಾಸ್ ಪ್ರಾಂತ್ಯದ ಭಾಗವಾದ ಮೇಲೆ ‘ಕುಡಿಮರಾಮತ್ತು’ ಎಂಬ ಹೆಸರಿನಲ್ಲಿ ರೈತರು ಕೂಡಿ ಮಾಡುವ ಕೆರೆ ದುರಸ್ತಿಯನ್ನು ಸರ್ಕಾರ ಹಕ್ಕಿನಿಂದ ಕೇಳತೊಡಗಿತು. 1858ರಲ್ಲಿ ಅದನ್ನು ಕಡ್ಡಾಯ ದುಡಿಮೆಯ ಕಾನೂನನ್ನಾಗಿಯೂ ಮಾಡಿತು. ಕಾನೂನು ಬಂತು, ಕೆಲಸ ನಿಲ್ಲುತ್ತ ಹೋಯಿತು. ದುರಸ್ತಿಗಿದ್ದ ಆದಾಯವನ್ನು ಕಂದಾಯದೊಳಗೆ ಸೇರಿಸಿಕೊಂಡು ದುಡಿಮೆಯನ್ನಷ್ಟೇ ಕೇಳಿದರೆ ಯಾರು ತಾನೇ ಬರುತ್ತಾರೆ? ಹುಟ್ಟಿನ ಕಟ್ಟಳೆ ಮರಳಿ ಬರಲಿ ಎಂದು ನಾನು ಹೇಳುತ್ತಿಲ್ಲ. ಆ ವ್ಯವಸ್ಥೆಯಿಂದ ಎತ್ತಿಕೊಳ್ಳಬೇಕಾದದ್ದು ಅದರ ಲೆಕ್ಕದ ಕ್ರಮವನ್ನು ಮಾತ್ರ: ಕಟ್ಟುವ ದಿನವೇ ಕಾಯುವ ಖರ್ಚನ್ನು ಎಣಿಸಿ, ಅದಕ್ಕೊಂದು ಹೆಸರು, ಒಂದು ಆದಾಯ ಹಚ್ಚಿಡುವುದು.

ಆ ಕ್ರಮ ತಪ್ಪಿದರೆ ಏನಾಗುತ್ತದೆಂದು ಹೊಸಪೇಟೆಯವರು 2024ರ ಆಗಸ್ಟ್ 10ರ ರಾತ್ರಿ ಕಂಡರು. ತುಂಗಭದ್ರಾ ಜಲಾಶಯ ಭರ್ತಿಯಾಗಿದ್ದ ಹೊತ್ತಿನಲ್ಲಿ 33 ಕ್ರಸ್ಟ್ ಗೇಟುಗಳ ಪೈಕಿ 19ನೆಯದರ ಚೈನು ತುಂಡಾಗಿ ಗೇಟು ಕೊಚ್ಚಿಹೋಯಿತು. ಏಳು ದಶಕಗಳ ಅಣೆಕಟ್ಟೆಯ ಗೋಡೆ ಕಲ್ಲಿನಂತೆ ನಿಂತೇ ಇತ್ತು. ಸೋತದ್ದು ಒಂದು ಸರಪಳಿಯ ಕೊಂಡಿ. ಉಳಿದ ಗೇಟುಗಳ ಮೇಲಿನ ಒತ್ತಡ ಇಳಿಸಲು ರೈತರ ಬೆಳೆಗೆಂದು ಕೂಡಿಟ್ಟ ನೀರನ್ನು ನದಿಗೆ ಬಿಡಬೇಕಾಯಿತು. ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಹರಿಯುವ ನೀರಿಗೇ ಸ್ಟಾಪ್‌ಲಾಗ್ ಎಂಬ ತಾತ್ಕಾಲಿಕ ತಡೆಗಳನ್ನು ಇಳಿಸಿ ಒಂದು ವಾರದಲ್ಲಿ ತಡೆದದ್ದು ದೊಡ್ಡ ಸಾಹಸವೇ. ಅದಾದ ಮೇಲೆ ಪರಿಶೀಲಿಸಿದ ತಜ್ಞರು ಎಲ್ಲ 33 ಗೇಟುಗಳನ್ನೂ ಬದಲಿಸಬೇಕೆಂದರು. 2025ರ ಮಳೆಗಾಲದಲ್ಲಿ ಸುಮಾರು 105 ಟಿಎಂಸಿ ಅಡಿ ಹಿಡಿಯುವ ಜಲಾಶಯದಲ್ಲಿ 80 ಟಿಎಂಸಿ ಅಡಿಗೇ ಸಂಗ್ರಹ ಮಿತಿಗೊಳಿಸಿದರು. ಒಂದು ಕೊಂಡಿಯ ಸವಕಳಿ ಮರುವರ್ಷದ ನೀರಿನ ಲೆಕ್ಕವನ್ನೂ ಬದಲಿಸಿತು.

ಈಗ ಕಡತಗಳ ಕಡೆಗೆ ಬರೋಣ. ನೀರಿನಷ್ಟೇ ಎಚ್ಚರದಿಂದ ಈ ಸೀಮೆ ಕಾಯಬೇಕಾಗಿ ಬಂದ ಇನ್ನೊಂದು ವಸ್ತು ಬರಹ. ಈ ಭೂಮಿ ಯಾರದು, ಈ ಅದಿರು ಎಲ್ಲಿಂದ ಬಂತು, ಎಷ್ಟು ಹೋಯಿತು ಎಂಬ ಬರಹ. ಮದ್ರಾಸ್ ಪ್ರಾಂತ್ಯದ ಕಾಲದಲ್ಲಿ ಅದನ್ನು ಕರಣಂ ಕಾಯುತ್ತಿದ್ದ, ಹಳೆ ಮೈಸೂರಿನಲ್ಲಿ ಶಾನುಭೋಗ. 1953ರಲ್ಲಿ ಬಳ್ಳಾರಿ ಮೈಸೂರು ರಾಜ್ಯಕ್ಕೆ ಬಂತು. 1961ರ ಕಾಯ್ದೆಯಿಂದ ವಂಶಪಾರಂಪರ್ಯದ ಗ್ರಾಮಾಧಿಕಾರ ರದ್ದಾಗಿ ಗ್ರಾಮಲೆಕ್ಕಿಗರು ಬಂದರು. ಅವರ ಚೀಲದಲ್ಲಿದ್ದ ಪಹಣಿ ‘ಭೂಮಿ’ ಯೋಜನೆಯಲ್ಲಿ 2000ದ ಹೊತ್ತಿಗೆ ಕಂಪ್ಯೂಟರಿಗೆ ಏರಿತು. ರಾಜ್ಯದಲ್ಲಿ ಆಗಿದ್ದ 177 ತಾಲ್ಲೂಕುಗಳು, ಸುಮಾರು 67 ಲಕ್ಷ ರೈತರು, 2 ಕೋಟಿಯಷ್ಟು ಪಹಣಿಗಳು. ಆಗ 15 ರೂಪಾಯಿ ಕೊಟ್ಟರೆ ಕೈಗೆ ಮುದ್ರಿತ ಪ್ರತಿ ಸಿಗುತ್ತಿತ್ತು. ಕೈಬರಹದ ಪಹಣಿಗೆ ಬೆಲೆಯಿಲ್ಲವೆಂದು ಸರ್ಕಾರವೇ ಘೋಷಿಸಿತು. ತಿದ್ದುವ ಸಿಬ್ಬಂದಿ ಬೆರಳಚ್ಚು ಒತ್ತಿಯೇ ಒಳಗೆ ಹೋಗಬೇಕೆಂದು ಮಾಡಿದ್ದು ದೂರದೃಷ್ಟಿಯ ಕೆಲಸ. ಯಾವ ಬದಲಾವಣೆ ಯಾರಿಂದ ಆಯಿತೆಂದು ಮೊದಲ ಬಾರಿಗೆ ಗುರುತು ಉಳಿಯಿತು.

ಅದಿರಿನ ಕಥೆಯಲ್ಲಿ ಈ ತಿರುವು ಇನ್ನೂ ಕಹಿಯಾದದ್ದು. ಪರ್ಮಿಟ್ ಇಲ್ಲದೆ, ಪರ್ಮಿಟ್‌ಗಿಂತ ಹೆಚ್ಚು ಹೊತ್ತು ಸಂಡೂರಿನ ಬೆಟ್ಟಗಳಿಂದ ಲಾರಿಗಳು ಬಂದರಿಗೆ ಓಡಿದ್ದನ್ನು ನ್ಯಾಯಮೂರ್ತಿ ಸಂತೋಷ್ ಹೆಗ್ಡೆ ಅವರ ಲೋಕಾಯುಕ್ತ ವರದಿ 2011ರ ಜುಲೈ 27ರಂದು ಸರ್ಕಾರದ ಮುಂದಿಟ್ಟಿತು. ಎರಡೇ ದಿನಗಳಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನೇ ನಿಲ್ಲಿಸಿತು. ಉಕ್ಕಿನ ಕಾರ್ಖಾನೆಗಳು ನಿಲ್ಲದಿರಲೆಂದು ದೋಣಿಮಲೈ ಸೀಮೆಯ ಎನ್‌ಎಂಡಿಸಿ ಗಣಿಗಳಿಗಷ್ಟೇ ತಿಂಗಳಿಗೆ 10 ಲಕ್ಷ ಟನ್ ತೆಗೆಯಲು ಅನುಮತಿ ಸಿಕ್ಕಿತು, ಅದನ್ನೂ ಉಸ್ತುವಾರಿ ಸಮಿತಿಯ ಮೂಲಕ ಇ-ಹರಾಜಿನಲ್ಲೇ ಮಾರಬೇಕಾಗಿತ್ತು. ಈ ಕಟ್ಟುಪಾಡನ್ನು ಕೋರ್ಟು ಸಡಿಲಿಸಿದ್ದು 2022ರ ಮೇ ತಿಂಗಳಲ್ಲಿ. ಕಾಗದವನ್ನು ನಂಬಲಾರದ ಸ್ಥಿತಿ ಬಂದಾಗ ಕೋರ್ಟೇ ಕಂಪ್ಯೂಟರನ್ನು ನಂಬಿತು ಎಂದರೆ ತಪ್ಪಾಗದು. ಇಷ್ಟು ಭಾರ ಹೊತ್ತ ಮೇಲೆ, ಆ ಯಂತ್ರದ ಅಡಿಪಾಯವನ್ನು ನೋಡಿಕೊಳ್ಳುವುದು ಯಾರ ಕೆಲಸ? ಪಹಣಿಯ ತಂತ್ರಾಂಶ ಎಷ್ಟೇ ಬಿಗಿಯಾಗಿರಲಿ, ಬೆರಳಚ್ಚಿನ ಬೀಗ ಎಷ್ಟೇ ಗಟ್ಟಿಯಿರಲಿ, ಅವೆಲ್ಲ ನಿಂತಿರುವುದು ಆಪರೇಟಿಂಗ್ ಸಿಸ್ಟಂ ಎಂಬ ನೆಲದ ಮೇಲೆ. ನೆಲ ಕುಸಿದರೆ ಬಾಗಿಲಿಗೆ ಹಾಕಿದ ಬೀಗದಿಂದ ಏನೂ ಆಗದು.

ಆ ನೆಲ ಜಿನುಗುವ ಬಗೆ ಹೀಗೆ. ಆಪರೇಟಿಂಗ್ ಸಿಸ್ಟಂ ಎಂದರೆ ಕೋಟಿಗಟ್ಟಲೆ ಸಾಲುಗಳ ಬರಹ. ಸಾವಿರಾರು ಜನ ವರ್ಷಗಟ್ಟಲೆ ಬರೆದದ್ದರಲ್ಲಿ ತಪ್ಪುಗಳು ಇದ್ದೇ ಇರುತ್ತವೆ. ಕೆಲವು ತಪ್ಪುಗಳ ಮೂಲಕ ಹೊರಗಿನವನು ಒಳಗೆ ಬಂದು ಯಜಮಾನನಂತೆ ಅಪ್ಪಣೆ ಕೊಡಬಹುದು. ಅಂಥ ತಪ್ಪು ಸಿಕ್ಕಿದಾಗ ತಯಾರಕರು ತಿದ್ದಿ ಕಳಿಸುವುದೇ ಭದ್ರತಾ ಅಪ್‌ಡೇಟ್. ಮೈಕ್ರೋಸಾಫ್ಟ್ 2003ರ ಅಕ್ಟೋಬರಿನಿಂದ ಪ್ರತಿ ತಿಂಗಳ ಎರಡನೆಯ ಮಂಗಳವಾರ ಇವನ್ನು ಬಿಡುವ ಪದ್ಧತಿ ಇಟ್ಟುಕೊಂಡಿದೆ. ಆ ವರ್ಷದ ಜನವರಿಯಲ್ಲಿ ‘ಸ್ಲ್ಯಾಮರ್’ ಎಂಬ ಹುಳು ಜಗತ್ತಿನ ಜಾಲವನ್ನೇ ಉಸಿರುಗಟ್ಟಿಸಿತ್ತು. ಅದು ನುಗ್ಗಿದ ತೂತಿಗೆ ಆರು ತಿಂಗಳ ಹಿಂದೆಯೇ ತೇಪೆ ಬಂದಿತ್ತು, ಹಾಕಿದವರು ಕಡಿಮೆ. ಇಲ್ಲಿ ಕೆರೆಗೂ ಕಂಪ್ಯೂಟರಿಗೂ ಇರುವ ಒಂದು ವ್ಯತ್ಯಾಸವನ್ನು ಹೇಳಲೇಬೇಕು. ಏರಿಯ ಜಿನುಗನ್ನು ಪಕ್ಕದೂರಿನಲ್ಲಿ ಮುಚ್ಚಿದರೆ ನಮ್ಮ ಏರಿಗೆ ಅಪಾಯ ಹೆಚ್ಚಾಗುವುದಿಲ್ಲ. ಕಂಪ್ಯೂಟರಿನಲ್ಲಿ ಆಗುತ್ತದೆ. ತೇಪೆ ಹೊರಬಿದ್ದ ದಿನವೇ ಕಳ್ಳರು ಹಳೆಯ ಬರಹವನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟು ತೂತು ಎಲ್ಲಿತ್ತೆಂದು ಕಂಡುಹಿಡಿಯುತ್ತಾರೆ. ಎಲ್ಲರೂ ಮುಚ್ಚಿಕೊಂಡು, ಒಬ್ಬ ಮಾತ್ರ ಬಿಟ್ಟರೆ, ಆ ಒಬ್ಬನ ಮನೆಯ ದಾರಿ ಈಗ ಎಲ್ಲರಿಗೂ ಗೊತ್ತು.

2017ರ ‘ವನ್ನಾಕ್ರೈ’ ದಾಳಿ ಇದನ್ನು ಅನುಮಾನವಿಲ್ಲದಂತೆ ತೋರಿಸಿತು. ಒಂದೇ ಜಾಲದ ಕಂಪ್ಯೂಟರುಗಳು ಕಡತ ಹಂಚಿಕೊಳ್ಳುವ ಏರ್ಪಾಟಿನಲ್ಲಿದ್ದ ತೂತಿಗೆ ಮಾರ್ಚ್ 14ರಂದು ತೇಪೆ ಬಂತು. ಅಮೆರಿಕದ ಗುಪ್ತಚರ ಸಂಸ್ಥೆಯ ಬಳಿಯಿದ್ದ, ಅದೇ ತೂತಿನಿಂದ ನುಗ್ಗುವ ಅಸ್ತ್ರ ಏಪ್ರಿಲ್‌ನಲ್ಲಿ ಬಹಿರಂಗವಾಯಿತು. ಮೇ 12ರಂದು ದಾಳಿ. ಸುಮಾರು 150 ದೇಶಗಳಲ್ಲಿ 2 ಲಕ್ಷಕ್ಕೂ ಹೆಚ್ಚು ಯಂತ್ರಗಳ ಕಡತಗಳು ಬೀಗ ಬಿದ್ದು, ಬಿಡಿಸಲು ಹಣ ಕೇಳುವ ಕೆಂಪು ಪರದೆ ಎದ್ದಿತು. ಬ್ರಿಟನ್ನಿನ ಆಸ್ಪತ್ರೆಗಳು ಶಸ್ತ್ರಚಿಕಿತ್ಸೆ ಮುಂದೂಡಿದವು. ನಮಗೆ ಹತ್ತಿರದ ಸಂಗತಿ ಬೇರೆಯಿದೆ: ಬಳ್ಳಾರಿಯ ಗಡಿಯಾಚೆಯ ಆಂಧ್ರದಲ್ಲಿ ಪೊಲೀಸ್ ಕಚೇರಿಗಳ ಕಂಪ್ಯೂಟರುಗಳು, ಮೈಸೂರಿನ ಗಡಿಯಾಚೆಯ ವಯನಾಡಿನಲ್ಲಿ ಗ್ರಾಮ ಪಂಚಾಯಿತಿ ಕಚೇರಿಯ ಕಂಪ್ಯೂಟರುಗಳು ಸಿಕ್ಕಿಬಿದ್ದವು. ದೊಡ್ಡವರ ಮೇಲಷ್ಟೇ ದಾಳಿ ಎಂದುಕೊಂಡವರಿಗೆ ಪಂಚಾಯಿತಿ ಕಚೇರಿ ಉತ್ತರ. ಇನ್ನೂ ಗಮನಿಸಬೇಕಾದದ್ದು, ಸೋಂಕು ತಗಲಿದ ಬಹುಪಾಲು ಯಂತ್ರಗಳಲ್ಲಿ ಇದ್ದದ್ದು ವಿಂಡೋಸ್ 7. ಅದಕ್ಕೆ ಎರಡು ತಿಂಗಳ ಹಿಂದಿನಿಂದಲೇ ಪುಕ್ಕಟೆಯಾಗಿ ತೇಪೆ ಸಿಗುತ್ತಿತ್ತು. ಹಣವಿಲ್ಲದೆ ಆದ ಅನಾಹುತ ಅದಲ್ಲ. ಹಾಕುವ ಕೆಲಸ ಯಾರದೂ ಆಗಿರಲಿಲ್ಲ.

ತಪ್ಪು ತಯಾರಕರದು, ದಂಡ ಬಳಸುವವರಿಗೇಕೆ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಮಾರುವ ವಸ್ತುವಿಗೆ ಎಷ್ಟು ವರ್ಷ ಅಪ್‌ಡೇಟ್ ಕೊಡುತ್ತೇವೆಂದು ಮಾರುವವರೇ ಮೊದಲೇ ಹೇಳಿ, ಹೇಳಿದಂತೆ ನಡೆಯಬೇಕು. 2024ರಲ್ಲಿ ಜಾರಿಗೆ ಬಂದ ಐರೋಪ್ಯ ಒಕ್ಕೂಟದ ಕಾನೂನು ಸಾಮಾನ್ಯವಾಗಿ ಐದು ವರ್ಷವಾದರೂ ಕೊಡಬೇಕೆನ್ನುತ್ತದೆ. ಅಂಥ ಕಾನೂನು ನಮಗೂ ಬೇಕು. ಬಂದರೂ ಕೊನೆಯ ಹೆಜ್ಜೆ ನಮ್ಮದೇ. ತೂಬು ಮಾಡಿದ ಬಡಗಿ ದಿನವೂ ಬಂದು ಅದನ್ನು ಎತ್ತಿ ಇಳಿಸಲಾರ. ಇನ್ನು, ಇಂಟರ್ನೆಟ್ಟಿಗೇ ಸೇರಿಸದ ಯಂತ್ರಕ್ಕೆ ಅಪ್‌ಡೇಟ್ ಯಾಕೆ ಎಂಬ ಧೈರ್ಯ ಗಣಿ, ಕಾರ್ಖಾನೆ, ಪಂಪ್‌ಹೌಸುಗಳ ನಿಯಂತ್ರಣ ಕೊಠಡಿಗಳಲ್ಲಿ ಹೆಚ್ಚು. 2010ರಲ್ಲಿ ಬಯಲಾದ ‘ಸ್ಟಕ್ಸ್‌ನೆಟ್’ ಇರಾನಿನ ನತಾಂಜ್ ಅಣುಸ್ಥಾವರದೊಳಗೆ ಹೋದದ್ದು ಪೆನ್‌ಡ್ರೈವ್‌ನಂಥ ದಾರಿಯಿಂದ. ಅದು ಹೆಚ್ಚು ಹರಡಿದ ದೇಶಗಳಲ್ಲಿ ಇರಾನ್, ಇಂಡೊನೇಷ್ಯಾ ಬಿಟ್ಟರೆ ಮೂರನೆಯದು ಭಾರತ.

ಅಪ್‌ಡೇಟ್‌ನಿಂದಲೇ ಕೆಡುಕಾಗುವುದಿಲ್ಲವೇ? ಆಗುತ್ತದೆ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿ ಕಳಿಸಿದ ಒಂದು ದೋಷಪೂರಿತ ಕಡತದಿಂದ ಜಗತ್ತಿನ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನಿಂತವು. ನಮ್ಮ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನು ಕೈಯಲ್ಲಿ ಬರೆದುಕೊಟ್ಟರು. ಅದು ಆಪರೇಟಿಂಗ್ ಸಿಸ್ಟಂನ ಅಪ್‌ಡೇಟ್ ಆಗಿರಲಿಲ್ಲ, ಆದರೂ ಭಯ ಸಹಜ. ಎಲ್ಲ ಯಂತ್ರಗಳಿಗೂ ಒಂದೇ ಗಳಿಗೆಯಲ್ಲಿ ಸುರಿದದ್ದು ಅಲ್ಲಿ ಆದ ತಪ್ಪು. ಒಂದೆರಡು ಯಂತ್ರಗಳಿಗೆ ಮೊದಲು ಹಾಕಿ, ಒಂದೆರಡು ದಿನ ನೋಡಿ, ಬ್ಯಾಕಪ್ ಇಟ್ಟುಕೊಂಡು ಉಳಿದವಕ್ಕೆ ಹಾಕುವುದು ಅದರ ಪಾಠ. ಅದಕ್ಕೂ ನೋಡುವ ಒಬ್ಬ ಮನುಷ್ಯ ಬೇಕೇ ಬೇಕು.

ನನಗೆ ಎಲ್ಲಕ್ಕಿಂತ ತೂಕದ್ದೆನಿಸುವ ಆಕ್ಷೇಪ ಕನ್ನಡದ್ದೇ. ನಮ್ಮ ಮುದ್ರಣಾಲಯ, ಡಿಟಿಪಿ ಅಂಗಡಿ, ಕಚೇರಿಗಳು ಹಳೆಯ ವಿಂಡೋಸನ್ನು ಹಿಡಿದುಕೊಂಡದ್ದಕ್ಕೆ ಸೋಮಾರಿತನವೊಂದೇ ಕಾರಣವಲ್ಲ. ‘ನುಡಿ’, ‘ಬರಹ’, ‘ಶ್ರೀಲಿಪಿ’ಗಳ ಹಳೆಯ ಆವೃತ್ತಿಗಳಲ್ಲಿ ಕನ್ನಡ ಅಕ್ಷರದ ಚೂರುಗಳು ರೋಮನ್ ಅಕ್ಷರಗಳ ಮನೆಗಳಲ್ಲಿ ಕೂತಿರುತ್ತಿದ್ದವು; ಆ ಫಾಂಟ್ ತೆಗೆದರೆ ಬರಹವೆಲ್ಲ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಪುಸ್ತಕ ಕಟ್ಟುತ್ತಿದ್ದ ಪೇಜ್‌ಮೇಕರ್‌ನ ಕೊನೆಯ ಆವೃತ್ತಿ ಬಂದದ್ದು 2001ರಲ್ಲಿ, ಅದಕ್ಕೆ ಯೂನಿಕೋಡ್ ಕನ್ನಡ ಗೊತ್ತೇ ಇರಲಿಲ್ಲ. ಇನ್‌ಡಿಸೈನ್‌ನಲ್ಲಿ ಯೂನಿಕೋಡ್ ಕನ್ನಡ ಸರಿಯಾಗಿ ಕೂರಲು 2012ರ ಸಿಎಸ್6 ಬರಬೇಕಾಯಿತು. ಹೀಗಾಗಿ ಹತ್ತು ವರ್ಷಕ್ಕೂ ಮೀರಿ ಕನ್ನಡದ ಪುಟ ಕಟ್ಟುವವರಿಗೆ ಹಳೆಯ ಯಂತ್ರವೇ ಗತಿಯಾಗಿತ್ತು. ವಿಂಡೋಸ್ ಎಕ್ಸ್‌ಪಿಗೆ 2014ರ ಏಪ್ರಿಲ್ 8ರಂದು ಅಪ್‌ಡೇಟ್ ನಿಂತ ಮೇಲೂ ಅವರು ಅದರಲ್ಲೇ ಉಳಿದರು. ವಿಂಡೋಸ್‌ನ ನಕಲು ಪ್ರತಿ ಹಾಕಿಸಿಕೊಂಡವರು ಅಪ್‌ಡೇಟ್ ಬಂದರೆ ಗುಟ್ಟು ಬಯಲಾದೀತೆಂದು ಅದನ್ನು ಬಂದ್ ಮಾಡಿಸಿದ್ದೂ ಇದರ ಜೊತೆ ಸೇರಿತು. ಒಂದು ಭಾಷೆಯ ಅಕ್ಷರಗಳಿಗೆ ಹೊತ್ತಿಗೆ ಸರಿಯಾಗಿ ಜಾಗ ಸಿಗದಿದ್ದರೆ ಆ ಭಾಷೆಯವರ ಯಂತ್ರಗಳೇ ಅಸುರಕ್ಷಿತವಾಗುತ್ತವೆ ಎಂಬುದು ನಾವು ಜೋರಾಗಿ ಹೇಳಬೇಕಾದ ಮಾತು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ‘ಕುವೆಂಪು ಕನ್ನಡ ತಂತ್ರಾಂಶ’ವನ್ನು ಉಚಿತವಾಗಿ ಕೊಟ್ಟದ್ದನ್ನು, ಯೂನಿಕೋಡ್‌ಗಾಗಿ ದನಿಯೆತ್ತಿದ ಕನ್ನಡ ಗಣಕ ತಜ್ಞರ ದುಡಿಮೆಯನ್ನು ಈ ದೃಷ್ಟಿಯಿಂದಲೂ ನೋಡಬೇಕು. ಆದರೆ ಆ ಕಾರಣ ಇಂದು ಉಳಿದಿಲ್ಲ. ಹಳೆಯ ಕಡತಗಳನ್ನು ಯೂನಿಕೋಡ್‌ಗೆ ಬದಲಿಸುವ ಸಾಧನಗಳು ಪುಕ್ಕಟೆಯಾಗಿ ಸಿಗುತ್ತವೆ. ಅರ್ಕಾವತ್ತು, ಒತ್ತಕ್ಷರಗಳಲ್ಲಿ ಅಲ್ಲಲ್ಲಿ ತಪ್ಪಾಗುತ್ತದೆ, ಕರಡು ತಿದ್ದಬೇಕಾಗುತ್ತದೆ. ಅದು ದುಡಿಮೆ, ಅಸಾಧ್ಯವಲ್ಲ.

ಹೊಣೆಯನ್ನು ಹೆಸರಿಟ್ಟು, ತಾರೀಖು ಇಟ್ಟು ಹಚ್ಚಿದರೆ ಕೆಲಸ ಸಾಗುತ್ತದೆಯೇ? ಬ್ಯಾಂಕುಗಳ ಉದಾಹರಣೆ ನೋಡಿ. ಎಕ್ಸ್‌ಪಿಯ ಆಯುಷ್ಯ ಮುಗಿದು ನಾಲ್ಕು ವರ್ಷ ಕಳೆದರೂ ದೇಶದ ಅನೇಕ ಎಟಿಎಂಗಳು ಅದರ ಮೇಲೆಯೇ ಓಡುತ್ತಿದ್ದವು. ಎಚ್ಚರಿಕೆಯ ಪತ್ರಗಳಿಂದ ಸಾಲದೆಂದು ಕಂಡ ರಿಸರ್ವ್ ಬ್ಯಾಂಕ್ 2018ರ ಜೂನ್‌ನಲ್ಲಿ ಗಡುವುಗಳನ್ನೇ ಕೊಟ್ಟಿತು: ಸೆಪ್ಟೆಂಬರಿಗೆ ಕಾಲುಭಾಗ, ಡಿಸೆಂಬರಿಗೆ ಅರ್ಧ, ಮಾರ್ಚಿಗೆ ಮುಕ್ಕಾಲು, 2019ರ ಜೂನ್‌ಗೆ ಪೂರ್ತಿ. ಒಂದೊಂದು ಯಂತ್ರವನ್ನೂ ಎಣಿಸಿ ಒಪ್ಪಿಸಬೇಕಾದ ಲೆಕ್ಕ ಅದು. ಕೆರೆಯ ಬಂಡಿಗೆ ಎತ್ತು ಎಷ್ಟು, ಮೇವು ಎಷ್ಟು ಎಂದು ಶಾಸನದಲ್ಲಿ ಬರೆಸಿದವರ ಲೆಕ್ಕದಂಥದ್ದೇ.

ನಮ್ಮ ಪಂಚಾಯಿತಿ, ಶಾಲೆ, ಸಹಕಾರ ಸಂಘಗಳಿಗೆ ಅಂಥ ಗಡುವನ್ನು ಕೊಡುವವರಿಲ್ಲ. ಅವು ಕಂಪ್ಯೂಟರನ್ನು ಒಂದು ಸಲದ ಅನುದಾನದಲ್ಲಿ ಕೊಳ್ಳುತ್ತವೆ. ಮೇಜಿನ ಲೆಕ್ಕದಲ್ಲೇ ಅದನ್ನೂ ದಾಸ್ತಾನು ಪುಸ್ತಕದಲ್ಲಿ ಬರೆಯುತ್ತವೆ. ವಿಂಡೋಸ್ 10ಕ್ಕೆ ಬರುತ್ತಿದ್ದ ಮಾಮೂಲು ಉಚಿತ ಅಪ್‌ಡೇಟ್‌ಗಳು 2025ರ ಅಕ್ಟೋಬರ್ 14ಕ್ಕೆ ಮುಗಿದವು. ಹೊಸದಕ್ಕೆ ಏರಲಾಗದ ಹಳೆಯ ಯಂತ್ರಕ್ಕೆ ಲಿನಕ್ಸ್ ಹಾಕಬಹುದು, ಅದಕ್ಕೆ ಅಪ್‌ಡೇಟ್ ಪುಕ್ಕಟೆ. ಕಾರ್ಯದರ್ಶಿಗಳಲ್ಲಿ, ಮುಖ್ಯೋಪಾಧ್ಯಾಯರಲ್ಲಿ, ಸಂಘದ ಅಧ್ಯಕ್ಷರಲ್ಲಿ ನನ್ನ ವಿನಂತಿ ಇಷ್ಟು: ನಿಮ್ಮ ದಾಸ್ತಾನು ಪುಸ್ತಕ ತೆರೆದು ಪ್ರತಿ ಕಂಪ್ಯೂಟರಿನ ಎದುರು ಮೂರು ಸಂಗತಿ ಬರೆಸಿ. ಅದರ ಆಪರೇಟಿಂಗ್ ಸಿಸ್ಟಂಗೆ ಎಂದಿನವರೆಗೆ ಅಪ್‌ಡೇಟ್ ಇದೆ, ತಿಂಗಳಿಗೊಮ್ಮೆ ಅದನ್ನು ಹಾಕುವವರು ಯಾರು, ಅವರ ಸಂಬಳ ಯಾವ ಲೆಕ್ಕದಿಂದ.